ತಿಳಿಯದೆ ಕಳೆದ ಏಳು ಗಂಟೆ

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಿದ್ಯಾರ್ಥಿವೇತನ ಸಮಿತಿಯ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ. ಪೋಷಕರ ಕೋರಿಕೆಯಂತೆ ಇಲ್ಲಿ ಪ್ರಕಟಿಸಲಾಗಿದೆ.)

 



ಪ್ರತಿ ವರ್ಷ ಈ ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಡುತ್ತಾರೆ. ಮಕ್ಕಳು ಚೆನ್ನಾಗಿ ಓದಬೇಕು, ಮೊಬೈಲ್ ಬದಿಗಿಡಬೇಕು ಎಂದು ಹೇಳಿ ನಾನು ಕುಳಿತುಕೊಳ್ಳುತ್ತೇನೆ. ಈ ವರ್ಷ ಸ್ವಲ್ಪ ಹೆಚ್ಚು ಸಮಯ ಕೇಳಿ ಪಡೆದಿದ್ದೇನೆ. ಇಂದು ಹೇಳುವ ವಿಷಯ ಪರೀಕ್ಷೆಯದ್ದಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಮಗುವನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸುವುದು ಹೇಗೆ, ಮುಟ್ಟಿಸಿದ ಮೇಲೆ ಆ ಮಗುವಿಗೆ ಸಿಗಬೇಕಾದದ್ದನ್ನು ಕೇಳಿ ಪಡೆಯುವುದು ಹೇಗೆ ಎಂಬುದು. ಹದಿನೆಂಟು ವರ್ಷಗಳ ಹಿಂದೆ ಇದು ನನಗೆ ಗೊತ್ತಿದ್ದರೆ ಒಬ್ಬ ಹುಡುಗನ ಬದುಕು ಬೇರೆ ಆಗುತ್ತಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅವನ ಕಥೆಯಿಂದಲೇ ಶುರು ಮಾಡುತ್ತೇನೆ. ಹೆಸರು ಹೇಳುವುದಿಲ್ಲ. ಅವನ ತಾಯಿಯ ಹತ್ತಿರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ.

2007ರ ಮಳೆಗಾಲ. ನಮ್ಮ ಶಾಲೆ ಹೆದ್ದಾರಿಯ ಬದಿಯಲ್ಲಿತ್ತು. ಈಗ 66 ಎನ್ನುವ ಹೆದ್ದಾರಿಗೆ ಆಗ 17 ಎಂದು ನಂಬರು. ಅವನು ಎಂಟನೇ ತರಗತಿ. ಲೆಕ್ಕದಲ್ಲಿ ಚುರುಕು. ನಾನು ಕರಿಹಲಗೆಯ ಮೇಲೆ ಪ್ರಶ್ನೆ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ತಂದೆ ಸೌದಿಯಲ್ಲಿ ಚಾಲಕ. ತಾಯಿ ಮತ್ತು ಮೂರು ಮಕ್ಕಳು ಊರಿನಲ್ಲಿ. ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಅವನಿಗೆ ಎರಡು ವರ್ಷದಿಂದ ಬರುತ್ತಿತ್ತು.

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಶಾಲೆ ಬಿಟ್ಟು ರಸ್ತೆ ದಾಟುವಾಗ ಒಂದು ಕಾರು ಬಡಿಯಿತು. ಹುಡುಗ ಹಾರಿ ಬಿದ್ದ. ನಾವು ಓಡಿ ಹೋಗುವಷ್ಟರಲ್ಲಿ ಅವನೇ ಎದ್ದು ಕುಳಿತಿದ್ದ. ಮೊಣಕೈ ತರಚಿತ್ತು, ಕಿವಿಯ ಮೇಲೆ ಒಂದು ಬುಗುಟೆ. ಮಾತಾಡುತ್ತಿದ್ದ. ತನ್ನ ಚೀಲ ಎಲ್ಲಿ, ಚಪ್ಪಲಿ ಎಲ್ಲಿ ಎಂದು ಕೇಳಿದ. ನಾವೆಲ್ಲ ಅಲ್ಲಾಹನಿಗೆ ಶುಕ್ರು ಹೇಳಿದೆವು. ಸ್ಟಾಫ್ ರೂಮಿಗೆ ಕರೆತಂದು ನೀರು ಕೊಟ್ಟೆವು, ಬಿಸ್ಕತ್ತು ಕೊಟ್ಟೆವು, ಗಾಯಕ್ಕೆ ಅರಿಶಿನ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ತಲೆ ನೋಯುತ್ತದೆ ಎಂದ. ಒಮ್ಮೆ ವಾಂತಿ ಮಾಡಿದ. ಹೆದರಿದ್ದಾನೆ, ಮಲಗಲಿ ಎಂದೆವು. ಮತ್ತೊಮ್ಮೆ ವಾಂತಿ ಮಾಡಿ ನಿದ್ದೆ ಹೋದ. ನಿದ್ದೆ ಮಾಡಲಿ ಬಿಡಿ ಎಂದವಳು ನಾನು. ವಿಜ್ಞಾನದ ಶಿಕ್ಷಕಿ. ಮೆದುಳು ಮತ್ತು ನರಮಂಡಲದ ಪಾಠವನ್ನು ಪ್ರತಿ ವರ್ಷ ಮಾಡುತ್ತಿದ್ದವಳು.

ಆರು ಗಂಟೆಗೆ ಎಬ್ಬಿಸಿದಾಗ ಅವನ ಮಾತು ತೊದಲುತ್ತಿತ್ತು. ಆಗ 108 ಇನ್ನೂ ಬಂದಿರಲಿಲ್ಲ. ಒಂದು ಟೆಂಪೋದವನು, "ಹತ್ತಿ ಅಕ್ಕೋರೆ, ಬಾಡಿಗೆ ಆಮೇಲೆ ನೋಡುವಾ" ಎಂದು ಹತ್ತಿಸಿಕೊಂಡ. ಮೊದಲು ಒಂದು ಕ್ಲಿನಿಕ್. ಅಲ್ಲಿಂದ ಒಂದು ಆಸ್ಪತ್ರೆ. ಅಲ್ಲಿ ಸ್ಕ್ಯಾನ್ ಯಂತ್ರವಿಲ್ಲ, ಚೀಟಿ ಬರೆದು ಮುಂದೆ ಕಳಿಸಿದರು. ಎಂಟೂವರೆಗೆ ದೊಡ್ಡ ಆಸ್ಪತ್ರೆಯೊಂದನ್ನು ಮುಟ್ಟಿದೆವು. ಅಲ್ಲಿ ಎರಡು ಪ್ರಶ್ನೆ. ಪೊಲೀಸ್ ಠಾಣೆಯ ಪತ್ರ ಎಲ್ಲಿ? ಸ್ಕ್ಯಾನಿಗೆ, ದಾಖಲಾತಿಗೆ ಮುಂಗಡ ಯಾರು ಕಟ್ಟುತ್ತೀರಿ? ನಾನು ಕೈಯ ಎರಡು ಬಳೆ ತೆಗೆದು ಕೌಂಟರಿನ ಮೇಲೆ ಇಟ್ಟೆ. "ಬಂಗಾರ ತೆಗೆದುಕೊಳ್ಳುವುದಿಲ್ಲ ಮೇಡಂ" ಎಂದರು. ಜೊತೆಯಲ್ಲಿದ್ದ ಮಾಸ್ತರು ಒಬ್ಬರು ಠಾಣೆಗೆ ಹೋದರು. ಇನ್ನೊಬ್ಬರು ಪರಿಚಯದ ಅಂಗಡಿಯವರನ್ನು ಹುಡುಕಿ ಹಣ ತಂದರು. ತಂದೆಗೆ ಫೋನು ಸಿಗಲಿಲ್ಲ. ತಾಯಿ ಸಣ್ಣ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಸ್ಕ್ಯಾನ್ ಆದಾಗ ಹತ್ತೂ ಕಾಲು. ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ದಾಗ ಹನ್ನೊಂದೂವರೆ. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ತುಂಬಿಕೊಂಡು ಮೆದುಳನ್ನು ಒತ್ತಿತ್ತು.

ಏಳು ಗಂಟೆಗೂ ಸ್ವಲ್ಪ ಹೆಚ್ಚು. ಅವನು ಬದುಕಿದ, ಅಲ್‌ಹಮ್‌ದುಲಿಲ್ಲಾಹ್. ಆದರೆ ಬಲಗೈ ಮೊದಲಿನಂತೆ ಆಗಲಿಲ್ಲ. ಮಾತು ತಡೆದು ತಡೆದು ಬರುತ್ತದೆ. ಲೆಕ್ಕ ಹೋಯಿತು. ಈಗ ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಚಿಲ್ಲರೆ ಎಣಿಸುವಾಗ ಬೆರಳು ಮಡಚುತ್ತಾನೆ. ನಾನು ಆ ಅಂಗಡಿಗೆ ಹೋದಾಗ "ಟೀಚರ್, ಕೂತುಕೊಳ್ಳಿ" ಎಂದು ಸ್ಟೂಲು ಎಳೆದು ಕೊಡುತ್ತಾನೆ.

ಬಹಳ ವರ್ಷ ನಾನು ಆ ಕೌಂಟರಿನವರನ್ನು ದೂರಿದೆ. ಬಡವರ ಹಣೆಬರಹ ಎಂದುಕೊಂಡೆ. ನಿವೃತ್ತಿಯಾದ ಮೇಲೆ ಓದಲು ಸಮಯ ಸಿಕ್ಕಿತು. ಆಗ ತಿಳಿದದ್ದು ನನ್ನನ್ನು ಹೆಚ್ಚು ನೋಯಿಸಿತು.

ಒಬ್ಬ ಸ್ಕೂಟರ್ ಸವಾರನಿಗೆ ಕಾರು ಬಡಿದಿತ್ತು. ದಾರಿಹೋಕನೊಬ್ಬ ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದ. ಪೊಲೀಸ್ ಕೇಸುಗಳನ್ನು ನೋಡುವ ಅಧಿಕಾರ ನಮಗಿಲ್ಲ, ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಒಯ್ಯಿರಿ ಎಂದರು. ದಾರಿಯಲ್ಲಿ ಅವನ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಹಿಡಿದು ಪರಮಾನಂದ ಕಟಾರ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರಂದು ತೀರ್ಪು ಬಂತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಗಾಯಾಳುವಿನ ಜೀವ ಉಳಿಸುವ ಚಿಕಿತ್ಸೆ ಮೊದಲು, ಪೊಲೀಸ್ ಕಾಗದ ಪತ್ರ ಆಮೇಲೆ. ಇದು ಪ್ರತಿಯೊಬ್ಬ ವೈದ್ಯರ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು.

ಅಂದರೆ ನಾನು ಆ ಕೌಂಟರಿನ ಮುಂದೆ ಬಳೆ ತೆಗೆದಿಡುವಾಗ ಆ ತೀರ್ಪಿಗೆ ಹದಿನೆಂಟು ವರ್ಷ ತುಂಬಿತ್ತು. ನನ್ನ ಹತ್ತಿರ ಬಿ.ಎಡ್. ಪದವಿ ಇತ್ತು, ಇಪ್ಪತ್ತು ವರ್ಷದ ಅನುಭವ ಇತ್ತು, ನಾಲ್ಕು ಭಾಷೆ ಬರುತ್ತಿತ್ತು. ಆ ಒಂದು ಮಾತು ಗೊತ್ತಿರಲಿಲ್ಲ. "ಪೊಲೀಸರಿಗೆ ತಿಳಿಸುವುದು ನಿಮ್ಮ ಕೆಲಸ, ಮೊದಲು ಮಗುವನ್ನು ಒಳಗೆ ತೆಗೆದುಕೊಳ್ಳಿ" ಎಂದು ಹೇಳುವುದು ಗೊತ್ತಿರಲಿಲ್ಲ.

ಆದ್ದರಿಂದ ಇವತ್ತು ನನ್ನ ಮಾತು ಇಷ್ಟೇ. ಗಾಯಗೊಂಡ ಮಗು ಹಣವಿಲ್ಲದೆ ಸಾಯುವುದಕ್ಕಿಂತ ಮೊದಲು ದೊಡ್ಡವರಿಗೆ ತಿಳಿಯದೆ ಸಾಯುತ್ತದೆ. ಹಣ ಕೊಡಲು ಎಲ್ಲರಿಂದ ಆಗುವುದಿಲ್ಲ. ತಿಳಿದುಕೊಳ್ಳಲು ಈ ಸಭಾಂಗಣದಲ್ಲಿರುವ ಪ್ರತಿಯೊಬ್ಬರಿಂದ ಆಗುತ್ತದೆ.

ಮೊದಲು ಮಗುವಿನ ಶರೀರದ ಬಗ್ಗೆ. ಮಗು ಎಂದರೆ ಸಣ್ಣ ಗಾತ್ರದ ದೊಡ್ಡ ಮನುಷ್ಯ ಎಂದು ನಾವು ತಿಳಿದುಕೊಂಡಿದ್ದೇವೆ. ಹಾಗಿಲ್ಲ. ಮಗುವಿನ ತಲೆ ಶರೀರಕ್ಕೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಮೆತ್ತಗೆ. ಬಿದ್ದರೆ ತಲೆಯೇ ಮುಂದಾಗುತ್ತದೆ. ಪಕ್ಕೆಲುಬು ಎಳೆ ಬಿದಿರಿನಂತೆ ಬಾಗುತ್ತದೆ. ಹಾಗಾಗಿ ಎಲುಬು ಮುರಿಯದೆಯೂ ಒಳಗಿನ ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ಹೊಟ್ಟೆಯಲ್ಲಿ ಯಕೃತ್ತು, ಗುಲ್ಮ ಇವಕ್ಕೆ ದೊಡ್ಡವರಲ್ಲಿರುವಷ್ಟು ರಕ್ಷಣೆ ಇಲ್ಲ. ಮಗುವಿನ ಮೈಯಲ್ಲಿರುವ ರಕ್ತ ತೂಕದ ಒಂದು ಕಿಲೋಗೆ ಸುಮಾರು 80 ಮಿಲಿಲೀಟರ್. 15 ಕಿಲೋ ತೂಗುವ ಮಗುವಿನಲ್ಲಿ ಒಟ್ಟು ಒಂದೂಕಾಲು ಲೀಟರಿಗೂ ಕಡಿಮೆ. ದೊಡ್ಡವರಲ್ಲಿ ಐದು ಲೀಟರಿನಷ್ಟಿರುತ್ತದೆ. ನಮಗೆ ಸ್ವಲ್ಪ ಎಂದು ಕಾಣುವ ರಕ್ತ ಮಗುವಿಗೆ ಬಹಳ.

ಇನ್ನೊಂದು ಮೋಸವಿದೆ. ಒಳಗೆ ರಕ್ತ ಸೋರುತ್ತಿದ್ದರೂ ಮಗುವಿನ ಶರೀರ ಬಹಳ ಹೊತ್ತು ರಕ್ತದೊತ್ತಡವನ್ನು ಹಿಡಿದುಕೊಳ್ಳುತ್ತದೆ. ನೋಡಲು ಆರಾಮಾಗಿ ಕಾಣುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ತಲೆಯ ಪೆಟ್ಟಿನಲ್ಲಿಯೂ ಹಾಗೆಯೇ. ಮೊದಲು ಎಚ್ಚರವಿದ್ದು ಮಾತಾಡಿ, ಒಂದೆರಡು ಗಂಟೆ ಕಳೆದು ಮಂಪರು ಬರುವುದುಂಟು. ನನ್ನ ಹುಡುಗನಿಗೆ ಆದದ್ದು ಅದೇ. ಎದ್ದು ಕುಳಿತ, ಮಾತಾಡಿದ ಎಂದು ಸಮಾಧಾನಪಡಬೇಡಿ.

ತಾಯಂದಿರು ಇವನ್ನು ನೆನಪಿಟ್ಟುಕೊಳ್ಳಬೇಕು. ವಾಹನ ಬಡಿದ ಅಥವಾ ವಾಹನದಿಂದ ಬಿದ್ದ ಮಗು ಒಂದಕ್ಕಿಂತ ಹೆಚ್ಚು ಸಲ ವಾಂತಿ ಮಾಡಿದರೆ, ತಲೆನೋವು ಏರುತ್ತಾ ಹೋದರೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆಗೆ ಜಾರಿದರೆ, ಮಾತು ತಪ್ಪಿದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥದ್ದು ಬಂದರೆ, ಒಂದು ಕಣ್ಣಿನ ಕಪ್ಪು ಗುಡ್ಡೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ತಡಮಾಡಬೇಡಿ. ಹೊಟ್ಟೆ ನೋವು ಅಥವಾ ಉಬ್ಬರ, ಹೊಟ್ಟೆಯ ಮೇಲೆ ಸೈಕಲ್ ಹ್ಯಾಂಡಲಿನ ಅಥವಾ ಸೀಟ್ ಬೆಲ್ಟಿನ ಗುರುತು, ಮುಖ ಬಿಳಚಿಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಏದುಸಿರು, ಇವೂ ಅಷ್ಟೇ ಗಂಭೀರ.

ಸ್ಥಳದಲ್ಲಿ ಮಾಡಬೇಕಾದದ್ದು ಸ್ವಲ್ಪವೇ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಗಾಯಗೊಂಡಿರುವುದು ಮಗು, ವಯಸ್ಸು ಇಷ್ಟು, ಎಚ್ಚರ ಇದೆ ಅಥವಾ ಇಲ್ಲ ಎಂದು ಹೇಳಿ. ಹತ್ತಿರದ ಮಸೀದಿ, ಪೆಟ್ರೋಲ್ ಬಂಕ್, ಸೇತುವೆ ಯಾವುದೆಂದು ಗುರುತು ಕೊಡಿ. ರಕ್ತ ಹರಿಯುವ ಕಡೆ ಶುಭ್ರ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ. ತಲೆ ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ, ಬೆಂಕಿ ಅಥವಾ ಬೇರೆ ಅಪಾಯವಿಲ್ಲದಿದ್ದರೆ ವಾಹನದಿಂದ ಎಳೆದು ತೆಗೆಯಬೇಡಿ. ಒಂದು ಶಾಲು ಹೊದಿಸಿ, ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾದರೆ ಅದು ತೊಂದರೆ. ನಾವು ಪ್ರೀತಿಯಿಂದ ಕೊಟ್ಟ ಬಿಸ್ಕತ್ತು ನನಗೆ ಈಗಲೂ ನೆನಪಾಗುತ್ತದೆ.

ಈಗ ಕಾನೂನಿನ ಮಾತು. 2007ಕ್ಕೂ ಇವತ್ತಿಗೂ ಬಹಳ ವ್ಯತ್ಯಾಸವಾಗಿದೆ. ದೂರುವುದನ್ನು ಬಿಟ್ಟು ಬಂದಿರುವುದನ್ನು ಬಳಸಿಕೊಳ್ಳಬೇಕು.

ಒಂದು, ಆಂಬುಲೆನ್ಸ್. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾಯಿತು. ಇದಕ್ಕೆ ಬಾಡಿಗೆ ಕೊಡಬೇಕಾಗಿಲ್ಲ.

ಎರಡು, ಸಹಾಯ ಮಾಡುವವರ ಹೆದರಿಕೆ. ನಾಳೆ ಕೋರ್ಟು ಕಚೇರಿ ಅಲೆಯಬೇಕು ಎಂದು ಜನ ಗಾಯಾಳುವನ್ನು ಮುಟ್ಟುತ್ತಿರಲಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಹರೀಶ್ ನಂಜಪ್ಪ ಎಂಬ ಯುವಕ ಲಾರಿಗೆ ಸಿಕ್ಕು ಸಾಯುವ ಸ್ಥಿತಿಯಲ್ಲಿಯೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದು ನಿಮಗೆ ನೆನಪಿರಬಹುದು. ಆ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುವಿಗೆ ನೆರವಾಗುವವರನ್ನು ರಕ್ಷಿಸುವ ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು. ಇದರ ಸಾರ ಹೀಗಿದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು ವಿಳಾಸ ಹೇಳಲೇಬೇಕೆಂದಿಲ್ಲ, ಅವರನ್ನು ಅಲ್ಲೇ ತಡೆದು ನಿಲ್ಲಿಸುವಂತಿಲ್ಲ, ಚಿಕಿತ್ಸೆಯ ಹಣ ಅವರಿಂದ ಕೇಳುವಂತಿಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನ 2021ರಲ್ಲಿ 5,000 ರೂಪಾಯಿ ಇತ್ತು, 2025ರಲ್ಲಿ 25,000 ಆಗಿದೆ. ನಮಗೆ ಬಹುಮಾನದ ಆಸೆ ಬೇಡ. ಒಂದು ಜೀವ ಉಳಿಸುವುದರ ತೂಕ ಎಷ್ಟೆಂದು ಸೂರಃ ಅಲ್ ಮಾಇದಃ ಓದಿದ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಹೆದರಿಕೆ ಮಾತ್ರ ಇನ್ನು ಬೇಡ.

ಮೂರು, ಮುಂಗಡ ಹಣ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿದೆ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಹತ್ತಿರ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ. ತಪ್ಪಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ನಾಲ್ಕು, ಚಿಕಿತ್ಸೆಯ ವೆಚ್ಚ. ಹರೀಶ್ ಅವರ ಹೆಸರಿನಲ್ಲಿ ನಮ್ಮ ರಾಜ್ಯ 2016ರಲ್ಲಿಯೇ ಒಂದು ಯೋಜನೆ ತಂದಿತು. ರಾಜ್ಯದ ರಸ್ತೆಯಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಎಂದು. ಈಗ ಅದಕ್ಕಿಂತ ದೊಡ್ಡದು ಬಂದಿದೆ. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡ ಯಾರಿಗಾದರೂ, ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮೀರದಂತೆ ನಗದುರಹಿತ ಚಿಕಿತ್ಸೆ ಇದೆ. ಬಿಪಿಎಲ್ ಕಾರ್ಡು ಇರಬೇಕೆಂದಿಲ್ಲ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಪೂರ್ಣ ಚಿಕಿತ್ಸೆ, ಉಳಿದ ಆಸ್ಪತ್ರೆಗಳಲ್ಲಿ ಜೀವಕ್ಕೆ ಅಪಾಯವಿಲ್ಲದಂತೆ ಸ್ಥಿರಗೊಳಿಸುವವರೆಗೆ. ಆಸ್ಪತ್ರೆ ದಾಖಲು ಮಾಡಿದ್ದನ್ನು ಪೊಲೀಸರು ಅಪಘಾತ ಹೌದೆಂದು ಕಂಪ್ಯೂಟರಿನಲ್ಲಿ ದೃಢಪಡಿಸುತ್ತಾರೆ. ಆದ್ದರಿಂದ "ಪೊಲೀಸರಿಗೆ ಹೇಳಬೇಡಿ, ನಾವು ನಾವೇ ಮುಗಿಸಿಕೊಳ್ಳುವಾ" ಎಂದು ಎದುರಿನ ವಾಹನದವರು ನೋಟು ಚಾಚಿದರೆ ಒಪ್ಪಬೇಡಿ. ದಾಖಲೆಯಿಲ್ಲದಿದ್ದರೆ ಮಗುವಿನ ಹಕ್ಕು ಅಲ್ಲಿಗೇ ಹೋಗುತ್ತದೆ. ಬಡಿದ ವಾಹನ ನಿಲ್ಲಿಸದೆ ಓಡಿಹೋಗಿದ್ದರೂ ಪರಿಹಾರವಿದೆ. ಗಂಭೀರ ಗಾಯಕ್ಕೆ 50,000 ರೂಪಾಯಿ.

ಇದರ ಜೊತೆಗೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಗಾಗಿ ಅಲೆಯಬೇಕಾಗಿಲ್ಲ. ಕಾರ್ಡು ಮಾಡಿಸಿ ಕಪಾಟಿನಲ್ಲಿ ಇಟ್ಟರೆ ಸಾಲದು, ಅದರ ಫೋಟೋ ತಾಯಿಯ ಫೋನಿನಲ್ಲಿ ಇರಬೇಕು.

ಐದು, ಸಹಿ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫಿನಲ್ಲಿ, ಇಲ್ಲವೇ ಬೋಟಿನಲ್ಲಿ. "ಮಗುವಿನ ಅಪ್ಪ ಬಂದು ಸಹಿ ಹಾಕಲಿ" ಎಂದು ಕಾಯುವುದು ಬೇಡ. ತಾಯಿಯ ಸಹಿಗೆ ಅಷ್ಟೇ ಬೆಲೆಯಿದೆ. ಪೋಷಕರು ಯಾರೂ ಸಿಗದೆ, ಕಾಯಲು ಸಮಯವೂ ಇಲ್ಲದಾಗ, ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನ ರಕ್ಷಣೆ ವೈದ್ಯರಿಗಿದೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆಯನ್ನು ಮುಚ್ಚಿಡಲಾರೆ. ಅದು ದೂರ. ನಮ್ಮ ಉತ್ತರ ಕನ್ನಡದಲ್ಲಿ ತಲೆಗೆ ಪೆಟ್ಟಾದ ಮಗುವನ್ನು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಒಯ್ಯುವುದೇ ಇದುವರೆಗಿನ ರೂಢಿ. ಭಟ್ಕಳದಿಂದ ಮಣಿಪಾಲಕ್ಕೇ ಸುಮಾರು 90 ಕಿಲೋಮೀಟರ್. ಕಾನೂನು ಮೊದಲ ಒಂದು ಗಂಟೆಯನ್ನು ಸುವರ್ಣ ಗಂಟೆ ಎಂದು ಕರೆಯುತ್ತದೆ. ನಮ್ಮ ಮಕ್ಕಳಿಗೆ ಆ ಗಂಟೆ ರಸ್ತೆಯ ಮೇಲೆಯೇ ಮುಗಿದುಹೋಗುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲಿನಲ್ಲಿ ಮಳೆಯಲ್ಲಿ ಜಾರಿ ಬಡಿದು ನಾಲ್ವರು ತೀರಿಕೊಂಡರು. ಆಗ ಜಾತಿ ಧರ್ಮ ನೋಡದೆ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆ ಬೇಕೆಂದು ದನಿ ಎತ್ತಿದರು. ಆ ಬೇಡಿಕೆಯನ್ನು ನಾವು ಬಿಡಬಾರದು. ಆದರೆ ಆಸ್ಪತ್ರೆ ಕಟ್ಟುವವರೆಗೆ ಅಪಘಾತಗಳು ಕಾಯುವುದಿಲ್ಲ.

ಹಾಗಾಗಿ ದೂರವಿರುವವರು ಹೆಚ್ಚು ತಿಳಿದಿರಬೇಕು. ಗಂಭೀರ ಗಾಯವಾದ ಮಗುವನ್ನು ನೇರವಾಗಿ ದೂರಕ್ಕೆ ಓಡಿಸುವುದೂ ತಪ್ಪು. ಉಸಿರು ಸರಾಗ ಮಾಡುವುದು, ರಕ್ತ ನಿಲ್ಲಿಸುವುದು, ಸೂಜಿ ಹಾಕಿ ದ್ರವ ಕೊಡುವುದು, ಕುತ್ತಿಗೆಗೆ ಪಟ್ಟಿ ಹಾಕುವುದು, ಇವು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಆಗಬೇಕು. ಅದು ಆಗುತ್ತಿರುವಾಗ ಮನೆಯ ಒಬ್ಬರು ಹೊರಗೆ ನಿಂತು ಫೋನು ಮಾಡಬೇಕು, ಅಥವಾ ಮಾಡಿಸಬೇಕು. ಮುಂದಿನ ಆಸ್ಪತ್ರೆಗೆ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಸಿಟಿ ಸ್ಕ್ಯಾನ್ ಈಗ ನಡೆಯುತ್ತಿದೆಯೇ? ನರಶಸ್ತ್ರಚಿಕಿತ್ಸಕರು ಇದ್ದಾರೆಯೇ? ಮಕ್ಕಳ ಐಸಿಯುವಿನಲ್ಲಿ ಹಾಸಿಗೆ ಇದೆಯೇ? ಅಪಘಾತದ ನಗದುರಹಿತ ಯೋಜನೆಯಲ್ಲಿ ನೀವಿದ್ದೀರಾ? ನಾಲ್ಕಕ್ಕೂ ಹೌದು ಎಂದ ಆಸ್ಪತ್ರೆಗೆ ಹೊರಡಿ. ನಾವು ಅಂದು ಮೂರು ಬಾಗಿಲು ತಟ್ಟಿದೆವು. ಒಂದು ಫೋನು ಮಾಡಿದ್ದರೆ ಎರಡು ಬಾಗಿಲು ಉಳಿಯುತ್ತಿತ್ತು.

ದಾನಿಗಳೇ, ಈಗ ನಿಮ್ಮ ಹತ್ತಿರ ಬರುತ್ತೇನೆ. ಸರ್ಕಾರದ ಯೋಜನೆ ಇರುವಾಗ ಟ್ರಸ್ಟಿನ ಹಣ ಏಕೆ ಎಂದು ನೀವು ಕೇಳಬಹುದು. ದೊಡ್ಡ ಬಿಲ್ಲಿಗೆ ಯೋಜನೆ ಇದೆ. ಸಣ್ಣ ಖರ್ಚಿಗೆ ಇಲ್ಲ. ರಾತ್ರಿ ಹತ್ತು ಗಂಟೆಗೆ ತಾಯಿಯನ್ನು ಮಗುವಿನ ಹಿಂದೆ ಮಣಿಪಾಲಕ್ಕೆ ಕರೆದೊಯ್ಯುವ ಕಾರಿನ ಬಾಡಿಗೆ, ಹೊರಗಿನಿಂದ ತರಬೇಕಾದ ಔಷಧಿ, ಜೊತೆಗಿರುವವರ ಊಟ, ಮನೆಯಲ್ಲಿ ಉಳಿದ ಸಣ್ಣ ಮಕ್ಕಳಿಗೆ ಹಾಲು, ಏಳು ದಿನ ಮುಗಿದ ಮೇಲೆ ಫಿಜಿಯೋಥೆರಪಿಗೆ ಓಡಾಡುವ ಬಸ್ ಖರ್ಚು. ಇವಕ್ಕೆ ಹಣವಿಲ್ಲದೆ ಎಷ್ಟೋ ಮನೆಯವರು ಮಗುವನ್ನು ಅರ್ಧ ಚಿಕಿತ್ಸೆಯಲ್ಲಿ ಬಿಡಿಸಿಕೊಂಡು ಬರುತ್ತಾರೆ. ಇದಕ್ಕೆ ಒಂದು ಸಣ್ಣ ಮೊತ್ತ ಸದಾ ಸಿದ್ಧವಿರಬೇಕು ಎಂದು ಸಮಿತಿಯ ಮುಂದೆ ಕೇಳಿಕೊಂಡಿದ್ದೇನೆ. ಬ್ಯಾಂಕಿನ ವೇಳೆಗೆ ಕಾಯದಂತೆ ಮೂವರು ನಂಬಿಕಸ್ಥರ ಕೈಯಲ್ಲಿ ಅದು ಇರಬೇಕು. ಮರುದಿನವೇ ರಶೀದಿ ಸಮೇತ ಲೆಕ್ಕ ಕೊಡಬೇಕು.

ಝಕಾತ್‌ನ ಹಣವನ್ನು ಅರ್ಹರಿಗೇ ಮುಟ್ಟಿಸಬೇಕು, ವಿಚಾರಿಸಿ ಕೊಡಬೇಕು. ನಡುರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಯಾರ ಅರ್ಹತೆ ವಿಚಾರಿಸುವುದು? ಗಾಯಗೊಂಡ ಮಗು ಯಾವ ಧರ್ಮದ್ದೆಂದೂ ಆಗ ಕೇಳಬಾರದು. ನನ್ನ ಹುಡುಗನನ್ನು ಹೊತ್ತೊಯ್ದ ಟೆಂಪೋದವನು ಹಿಂದೂ. ಬಾಡಿಗೆಯನ್ನು ಅವನು ಕೊನೆಗೂ ತೆಗೆದುಕೊಳ್ಳಲಿಲ್ಲ. ಹಾಗಾಗಿ ಇದನ್ನು ಸದಕಾದ ಲೆಕ್ಕದಲ್ಲಿ ಬೇರೆಯಾಗಿ ಇಡುವುದು ಒಳ್ಳೆಯದೆಂದು ನನ್ನ ಅನಿಸಿಕೆ. ನಮ್ಮ ಉಲಮಾಗಳನ್ನು ಕೇಳಿ ಸಮಿತಿ ತೀರ್ಮಾನಿಸಲಿ.

ಇನ್ನೊಂದು ಕೋರಿಕೆಗೆ ಹಣವೇ ಬೇಡ. ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಒಂದು ಪುಟ ಸೇರಿಸುವುದು. ಮಗುವಿನ ರಕ್ತದ ಗುಂಪು, ತೂಕ, ಯಾವ ಔಷಧಿ ಆಗುವುದಿಲ್ಲ, ಆರೋಗ್ಯ ಕಾರ್ಡಿನ ಸಂಖ್ಯೆ, ತಂದೆ ಊರಿನಲ್ಲಿ ಇಲ್ಲದಾಗ ಮಾತಾಡಬೇಕಾದ ಇಬ್ಬರ ಫೋನು. ಒಂದು ಪ್ರತಿ ಮನೆಗೆ, ಒಂದು ಶಾಲೆಗೆ, ಒಂದು ಮಗುವಿನ ಚೀಲಕ್ಕೆ. ಶಾಲೆಯ ವ್ಯಾನು ಮತ್ತು ಆಟೋ ಚಾಲಕರಿಗೆ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ಅರ್ಧ ದಿನದ ತರಬೇತಿ ಕೊಡಿಸುವುದೂ ನಮ್ಮ ಕೈಯಲ್ಲಿದೆ.

ಪೋಷಕರಿಗೆ ಎರಡೇ ಮಾತು. ನಾಲ್ಕು ವರ್ಷ ಮೇಲ್ಪಟ್ಟ ಮಗುವಿಗೆ ಬೈಕಿನಲ್ಲಿ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಸಣ್ಣ ಮಕ್ಕಳಿಗೆ, ಒಂಬತ್ತು ತಿಂಗಳಾದ ಮೇಲೆ, ಹೆಲ್ಮೆಟ್ ಜೊತೆಗೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿಯೂ ಬೇಕೆಂದು 2023ರಿಂದ ನಿಯಮವಿದೆ. ಕಾರಿನ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಬೇಡಿ. ಕಾರು ಬಡಿದಾಗ ತಾಯಿಯ ತೋಳು ಮಗುವನ್ನು ಹಿಡಿದುಕೊಳ್ಳಲಾರದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹದಿನೆಂಟು ತುಂಬದವರು 9,500ಕ್ಕೂ ಹೆಚ್ಚು. ಒಂದು ದೊಡ್ಡ ಶಾಲೆಯಲ್ಲಿ ಸಾವಿರ ಮಕ್ಕಳಿದ್ದಾರೆ ಎಂದುಕೊಂಡರೆ, ಹೆಚ್ಚುಕಡಿಮೆ ಹತ್ತು ಶಾಲೆ ಒಂದೇ ವರ್ಷದಲ್ಲಿ ಖಾಲಿಯಾದಂತೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಅಪಘಾತವಾದ ಮರುವರ್ಷ ಆ ಹುಡುಗ ಒಂಬತ್ತನೇ ತರಗತಿಯಲ್ಲಿ ಅನುತ್ತೀರ್ಣನಾದ. ವಿದ್ಯಾರ್ಥಿವೇತನಕ್ಕೆ ಶೇಕಡ 60 ಅಂಕ ಬೇಕೆಂಬ ನಿಯಮ ನಮ್ಮದು. ಪಟ್ಟಿಯಿಂದ ಅವನ ಹೆಸರು ತೆಗೆದರು. ಆ ಪಟ್ಟಿಗೆ ಸಮಿತಿಯ ಪರವಾಗಿ ಸಹಿ ಹಾಕಿದವಳು ನಾನೇ. ನಿಯಮ ಎಂದರೆ ನಿಯಮ ಎಂದುಕೊಂಡೆ. ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತವರೂ ಅಂದು ಅದನ್ನೇ ಅಂದುಕೊಂಡಿರಬೇಕು. ಮುಂದಿನ ವರ್ಷ ಅವನು ಶಾಲೆ ಬಿಟ್ಟ.

ಅದಕ್ಕಾಗಿ ಈ ವರ್ಷ ಸಮಿತಿಯಲ್ಲಿ ಒಂದು ಬದಲಾವಣೆ ಕೇಳಿದೆ. ಒಪ್ಪಿದ್ದಾರೆ. ವರದಿಯ ಹಿಂದಿನ ಪುಟಗಳಲ್ಲಿರುವ ವಿದ್ಯಾರ್ಥಿವೇತನದ ಪ್ರಕಟಣೆಯಲ್ಲಿ ನೀವು ನೋಡಬಹುದು. ಅಪಘಾತದಲ್ಲಿ ಗಾಯಗೊಂಡ ಫಲಾನುಭವಿ ಮಗುವಿಗೆ ಎರಡು ವರ್ಷ ಅಂಕ ಮತ್ತು ಹಾಜರಾತಿಯ ಷರತ್ತು ಇರುವುದಿಲ್ಲ. ಆಸ್ಪತ್ರೆಯ ಒಂದು ಪತ್ರ ಸಾಕು. ಅಂಥ ಮಗು ನಿಮ್ಮ ಪಕ್ಕದ ಮನೆಯಲ್ಲಿದ್ದರೆ, ಅರ್ಜಿ ಹಾಕಲು ಅವರಿಗೆ ಸಂಕೋಚವಿದ್ದರೆ, ನೀವೇ ಬಂದು ಹೇಳಿ.

ನಿಮ್ಮ ಫೋನು ತೆಗೆದು 108 ಮತ್ತು 112ನ್ನು ಈಗಲೇ ಸೇರಿಸಿಕೊಳ್ಳಿ. ಮಕ್ಕಳೇ, ಅಮ್ಮನ ಫೋನಿಗೆ ನೀವು ಸೇರಿಸಿ ಕೊಡಿ.  ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ದಾರಿಯಲ್ಲೂ ಮನೆಯಲ್ಲೂ ಕಾಪಾಡಲಿ. ಆಮೀನ್.